ಚೌಕಡಿಯ ಅಳತೆ

೯ ಜೂನ್ ೨೦೦೯, ಮಂಗಳವಾರ

ಡೈರಿ ಬರೆಯುವ ಚಟ ನನಗಿಲ್ಲ. ಹೊಸ ವರ್ಷಕ್ಕೆ ಯಾರೋ ಆಫೀಸಿಗೆ ತಂದು ಹಂಚಿದ್ದು, ಆರು ತಿಂಗಳಿಂದ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ಯಾರ ಮುಂದಾದರೂ ಹೇಳದಿದ್ದರೆ ತಲೆ ಒಡೆದು ಹೋಗುತ್ತದೆ ಅನ್ನಿಸಿತು. ಹೇಳಿಕೊಳ್ಳುವಂಥವರು ಮನೆಯಲ್ಲಿ ಯಾರೂ ಇಲ್ಲ. ಒಂಬತ್ತು ವರ್ಷದ ಅಂಜನಾ ಇದ್ದಾಳೆ, ಅವಳ ಮುಂದೆ ಹೇಳುವ ಮಾತಲ್ಲ ಇದು.

ಮನೀಷಾ ಹೋಗಿ ಐವತ್ತೆಂಟು ದಿನ. ಹೆಂಡತಿಯ ಮುಖ ನೆನಪು ಮಾಡಿಕೊಳ್ಳಲು ಯಾರಾದರೂ ಒದ್ದಾಡುತ್ತಾರೆಯೇ? ನಾನು ಒದ್ದಾಡುತ್ತಿದ್ದೇನೆ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮುಖ ಬಂದು ನಿಲ್ಲುತ್ತದೆ. ಕೆನ್ನೆ ಒಳಗೆ ಹೋಗಿ, ಹಲ್ಲು ಮುಂದೆ ಬಂದು, ಕಣ್ಣು ಎಲ್ಲೋ ಆಳದಲ್ಲಿ. ಹದಿಮೂರು ವರ್ಷ ಜೊತೆಗಿದ್ದ ಮುಖವನ್ನು ಕೊನೆಯ ಎರಡು ತಿಂಗಳ ಮುಖ ನುಂಗಿಬಿಟ್ಟಿದೆ. ಆ ಮುಖ ನನಗೆ ಬೇಡ. ನನ್ನ ಮನೀಷಾಳ ಮುಖ ನನಗೆ ವಾಪಸ್ ಬೇಕು.

ಅವಳು ಓಡಾಡುವ ಚಿತ್ರ ಇರುವುದು ಒಂದೇ ಒಂದು ಸಿ.ಡಿ.ಯಲ್ಲಿ. ಕಳೆದ ವರ್ಷ ಫೆಬ್ರುವರಿಯಲ್ಲಿ ರಬಕವಿಯ ತವರುಮನೆಯಲ್ಲಿ ಅವಳ ತಮ್ಮ ಪರಮಾನಂದನ ಕೂಸನ್ನು ತೊಟ್ಟಿಲಿಗೆ ಹಾಕಿದಾಗ ತೆಗೆಸಿದ್ದು. ಒಂದು ಗಂಟೆಯ ಸಿ.ಡಿ.ಯಲ್ಲಿ ಮನೀಷಾ ಇರುವುದು ಎರಡು ನಿಮಿಷಕ್ಕೂ ಕಡಿಮೆ. ಸೋದರತ್ತೆ ಅಲ್ಲವೇ, ಕೂಸಿನ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲ ಮೇಲೆ ಬಾಗುತ್ತಾಳೆ. ಪದ್ಧತಿಯಂತೆ ಹಿಂದೆ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ತಿರುಗಿ ನೋಡುತ್ತಾಳೆ. ಅಷ್ಟೇ. ದನಿ ಕೇಳಿಸುವುದಿಲ್ಲ, ಸ್ಟುಡಿಯೋದ ಮಹಾರಾಯ ಉದ್ದಕ್ಕೂ ಶಹನಾಯಿ ತುಂಬಿಟ್ಟಿದ್ದಾನೆ.

ಇವತ್ತು ಧೈರ್ಯ ಮಾಡಿ ಅದನ್ನು ಕಂಪ್ಯೂಟರಿಗೆ ಹಾಕಿದೆ. ಎಂಟು ವರ್ಷದ ಹಿಂದಿನ ಕಂಪ್ಯೂಟರು, ಟಿ.ವಿ.ಯಂಥ ಡಬ್ಬ ಮಾನಿಟರ್. ಅವಳು ತಿರುಗಿದಳು. ಅಲ್ಲಿಯೂ ಅದೇ ಮುಖ! ಎರಡೂ ಪಕ್ಕದಿಂದ ಯಾರೋ ಒತ್ತಿ ಹಿಡಿದಂತೆ, ಉದ್ದಕ್ಕೆ, ಸಪೂರ.

ಹಿಂದೆ ನಿಂತಿದ್ದ ಅಂಜನಾ ಅಂದಳು: "ಅಪ್ಪಾ, ಅವ್ವ ದವಾಖಾನ್ಯಾಗ ಇದ್ದಂಗ ಕಾಣಾಕತ್ತಾಳಲ್ಲ?"

ಸ್ವಿಚ್ ತೆಗೆದುಬಿಟ್ಟೆ.

೧೦ ಜೂನ್, ಬುಧವಾರ

ತಪ್ಪು ಮಾನಿಟರಿನದು. ನಿನ್ನೆ ಗಾಬರಿಯಲ್ಲಿ ನೋಡಿರಲಿಲ್ಲ, ಚಿತ್ರದ ಎರಡೂ ಪಕ್ಕ ಬೆರಳಗಲ ಕಪ್ಪು ಪಟ್ಟಿ ಇದೆ. ವಯಸ್ಸಾದ ಮಾನಿಟರುಗಳಲ್ಲಿ ಚಿತ್ರ ಒಳಕ್ಕೆ ಸರಿಯುತ್ತದಂತೆ. ಕೆಳಗಿನ ಗುಂಡಿಗಳನ್ನು ಒತ್ತಿ ಒತ್ತಿ ಅಗಲ ಮಾಡಿದೆ. ಕಣ್ಣಳತೆಯ ಮೇಲೆ ಬಿಡುವ ಮನುಷ್ಯ ನಾನಲ್ಲ. ನೀರಾವರಿ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಕಾಶೆ ತೆಗೆಯುವವನು. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಯಾರ ಹೊಲದ ಯಾವ ಬದುವಿಗೆ ನಿಲ್ಲುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಿದವನು. ಪರದೆಯ ಮೇಲೆ ಒಂದು ವೃತ್ತ ಬಿಡಿಸಿ, ಗಾಜಿಗೆ ಡಿವೈಡರ್ ಹಿಡಿದು, ಅಡ್ಡ ಉದ್ದ ಎರಡೂ ಸಮ ಬರುವವರೆಗೆ ಬಿಡಲಿಲ್ಲ.

ಈಗ ಮಾನಿಟರ್ ಸರಿ ಇದೆ. ಸಿ.ಡಿ. ಹಾಕಿದೆ. ಮುಖ ಸ್ವಲ್ಪ ಅಗಲವಾಯಿತು, ಆದರೂ ಸಪೂರವೇ.

ಹಾಗಾದರೆ ತಪ್ಪು ಸಿ.ಡಿ.ಯದು.

೧೪ ಜೂನ್, ಭಾನುವಾರ

ಮದುವೆಯ ಆಲ್ಬಮ್ ತೆಗೆದು ಅಳೆದೆ. ಫೋಟೋದಲ್ಲಿ ಹಣೆಯಿಂದ ಗದ್ದಕ್ಕೆ ನಾಲ್ಕು ಭಾಗವಾದರೆ ಕೆನ್ನೆಯಿಂದ ಕೆನ್ನೆಗೆ ಮೂರು. ಸಿ.ಡಿ.ಯಲ್ಲಿ ನಾಲ್ಕಕ್ಕೆ ಎರಡೂವರೆ. ಅರ್ಧ ಭಾಗ ಮುಖ ಎಲ್ಲಿ ಹೋಯಿತು? ತಿಂದವರು ಯಾರು?

ಸ್ಟುಡಿಯೋಕ್ಕೆ ಫೋನ್ ಮಾಡಿದೆ. ಎತ್ತಿದವನು "ಅವೆಲ್ಲಾ ಹಳೀ ಮಾಲ್ ಅಳಿಸಿ ಹಾಕೇವ್ರಿ" ಅಂದ. ಹಳೀ ಮಾಲ್! ಫೋನ್ ಇಟ್ಟುಬಿಟ್ಟೆ. ಇಡದಿದ್ದರೆ ಬಾಯಿಗೆ ಬಂದದ್ದು ಅನ್ನುತ್ತಿದ್ದೆ.

೧೭ ಜೂನ್, ಬುಧವಾರ

ಏನೂ ಇಲ್ಲ. ಅಂಜನಾ ಪಕ್ಕದ ಮನೆಯಲ್ಲಿ ಉಂಡಳು. ನಾನು ಉಂಡೆನೋ ಇಲ್ಲವೋ.

೨೨ ಜೂನ್, ಸೋಮವಾರ

ಸಿಕ್ಕಳು. ನನ್ನ ಮನೀಷಾ ಸಿಕ್ಕಳು.

ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡುವ ಮಲಕಾಜಪ್ಪನ ಮುಂದೆ ಬಾಯಿ ಬಿಟ್ಟೆ. ಹೆಂಡತಿಯ ಮಾತು ಎತ್ತಲಿಲ್ಲ, ಒಂದು ಸಿ.ಡಿ.ಯಲ್ಲಿ ಎಲ್ಲರೂ ಸಣ್ಣ ಕಾಣುತ್ತಾರೆ ಅಂದೆ.

"ಅಷ್ಟ ಏನ್ರಿ ಸರ? ಕ್ಯಾಮರಾದಾಗ ಅಗಲ ತಗದು ಸಿ.ಡಿ.ಯಾಗ ಒತ್ತಿ ತುಂಬಿರತಾರ. ಪ್ಲೇಯರಿನ್ಯಾಗ ಹದಿನಾರು-ಒಂಬತ್ತು ಅಂತ ಅಗಲದ ಅಳತಿ ಒಂದ್ ಐತಿ ನೋಡ್ರಿ, ಅದನ್ನ ಒತ್ರಿ. ಆತು."

ಆತು! ಎರಡು ವಾರ ನಾನು ಗೋಡೆಗೆ ತಲೆ ಚಚ್ಚಿಕೊಂಡದ್ದು ಅವನಿಗೆ ಒಂದು ಚಿಟಿಕೆ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಕುಳಿತೆ. ಒತ್ತಿದೆ. ಚಿತ್ರ ಎರಡೂ ಕಡೆ ಹಿಗ್ಗಿತು. ಅವಳು ತೊಟ್ಟಿಲಿನಿಂದ ತಿರುಗಿದಳು. ಕೆನ್ನೆ ತುಂಬಿ ಬಂದಿತ್ತು, ನಗುತ್ತಿದ್ದಳು. ಅಂಜನಾ ಹುಟ್ಟಿದ ಮೇಲೆ ಮೈ ಕೈ ತುಂಬಿಕೊಂಡು, ಕನ್ನಡಿಯ ಮುಂದೆ ನಿಂತು "ನಾ ಭಾಳ ದಪ್ಪ ಆಗೇನೇನ್ರಿ?" ಅಂತ ನನ್ನ ಬಾಯಿಯಿಂದ ಸುಳ್ಳು ಹೇಳಿಸುತ್ತಿದ್ದಳಲ್ಲ, ಅದೇ ಮುಖ. ಜೋರಾಗಿ ಅತ್ತೆ. ಅವಳು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

೨೪ ಜೂನ್, ಬುಧವಾರ

ಬೆಳಿಗ್ಗೆ ಎಂಟು ಸಲ, ಸಂಜೆ ಹನ್ನೊಂದು ಸಲ. ನಡುವೆ ಕರೆಂಟ್ ಹೋಯಿತು. ಕರೆಂಟ್ ಬರುವವರೆಗೂ ಆ ಕಪ್ಪು ಗಾಜಿನ ಮುಂದೆಯೇ ಕುಳಿತಿದ್ದೆ.

೨೮ ಜೂನ್, ಭಾನುವಾರ

ರಬಕವಿಯ ಮುದುಕ ಬಂದಿದ್ದ. ಮನೀಷಾಳ ಅಪ್ಪ ಗುರಪ್ಪ. ಐವತ್ತು ವರ್ಷದಿಂದ ಕೈಮಗ್ಗದ ಮೇಲೆ ಸೀರೆ ನೇಯುತ್ತಾನೆ. ಊರೆಲ್ಲ ವಿದ್ಯುತ್ ಮಗ್ಗಕ್ಕೆ ಹೋದರೂ ಇವನು ಹೋಗಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಟ್ಟೆ ಹಿಡಿದು ನೋಡುವ ಜಾತಿ. ನನ್ನ ಮನೆಯ ಕಿಟಕಿಯ ಪರದೆಯನ್ನು ಎರಡು ಬೆರಳ ನಡುವೆ ತಿಕ್ಕಿ "ಯಾರ ನೇಯ್ದಾರ ಇದನ್ನ, ಜಾಳಜಾಳ" ಅಂದ. ಮಗಳು ಸತ್ತು ಎರಡೂವರೆ ತಿಂಗಳು, ಮುದುಕನಿಗೆ ಪರದೆಯ ಚಿಂತೆ.

ಆಮೇಲೆ ಯಾವುದೋ ಹಳೆಯ ಕಥೆ ಶುರುಮಾಡಿದ. ಬನಹಟ್ಟಿಯ ವ್ಯಾಪಾರಿಯೊಬ್ಬ ಇವನ ಸೀರೆಯ ದಡಿ, ಅಂಚು, ಒಂದು ಕಡೆ ಅಗಲ ಹೆಚ್ಚಿದೆ ಅಂದನಂತೆ. ಇವನು ಅಂಗಡಿಯಲ್ಲೇ ಅಳತೆ ಹಾಕಿಸಿ, ಸರಿ ಇದೆ ಅಂತ ಹತ್ತು ಮಂದಿಯ ಮುಂದೆ ಒಪ್ಪಿಸಿ, ಸೀರೆಯನ್ನು ಅವನಿಗೆ ಕೊಡದೆ ಎದ್ದು ಬಂದನಂತೆ.

"ನನ್ನ ಕೈಯಾಗ ತಪ್ಪ ಬರಂಗಿಲ್ರಿ ಅಳ್ಯಾರ" ಅಂದ. ನಾನು ಹ್ಞೂಂ ಅಂದೆ.

ಅಂಜನಾಳನ್ನು ನಾಲ್ಕು ದಿನ ಕರೆದುಕೊಂಡು ಹೋಗುತ್ತೇನೆ ಅಂದಾಗ ಸಾಲಿ ತಪ್ಪುತ್ತದೆ ಅಂತ ಕಳಿಸಲಿಲ್ಲ. ಸಿ.ಡಿ.ಯ ವಿಷಯ ಬಾಯಿ ಬಿಡಲಿಲ್ಲ. ಅದು ನನ್ನದು.

೨ ಜುಲೈ, ಗುರುವಾರ

ಅಂಜನಾಳಿಗೆ ಹೊಡೆದೆ.

ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. "ಪರಮಾನಂದ ಮಾಮಾ ಎಷ್ಟ ಡುಮ್ಮ ಕಾಣತಾನ! ರಬಕವಿ ಆಯೀ ಮಾರಿ ನೋಡಪ್ಪ, ಬುಟ್ಟಿ ಆಗೇತಿ" ಅಂತ ನಗತೊಡಗಿದಳು. ಸುಮ್ಮನಿರು ಅಂದೆ. "ಖರೇನ ಅಪ್ಪಾ, ತೊಟ್ಲ ನೋಡು, ಮಂಚದಂಗ ಕಾಣತೈತಿ" ಅಂದಳು. ಕೈ ಎದ್ದುಬಿಟ್ಟಿತು.

ಅಳಲಿಲ್ಲ ಅವಳು. ಎದ್ದು ಹೋಗಿ ಅಡಿಗೆಮನೆಯಲ್ಲಿ ಕುಳಿತಳು.

ಬೇರೆಯವರ ಕಡೆ ಯಾಕೆ ನೋಡಬೇಕು? ನಾನಂತೂ ನೋಡುವುದಿಲ್ಲ.

೧೨ ಜುಲೈ, ಭಾನುವಾರ

ಮುದುಕ ಹೇಳದೆ ಕೇಳದೆ ಮತ್ತೆ ಬಂದ. ಸಿ.ಡಿ. ಓಡುತ್ತಿತ್ತು, ಮುಚ್ಚಲು ಆಗಲಿಲ್ಲ. ಬಾಗಿಲಲ್ಲಿ ನಿಂತೇ ನೋಡಿದ. ಮನೀಷಾ ಬಾಗಿದಳು, ಹೆಂಗಸರು ಗುದ್ದಿದರು, ತಿರುಗಿದಳು. ಮಗಳನ್ನು ನೋಡಿ ಅಳುತ್ತಾನೆ ಅಂದುಕೊಂಡೆ. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದ.

"ಇದು ನನ್ನ ಸೀರಿ ಅಲ್ಲ."

ಅವಳು ಉಟ್ಟದ್ದು ಹಸಿರು ಮೈಗೆ ಬಿಳಿಯ ದೊಡ್ಡ ಚೌಕಡಿ, ಕೆಂಪು ದಡಿ. ತೊಟ್ಟಿಲ ಕಾರ್ಯಕ್ಕೆಂದೇ ಈ ಮುದುಕ ಮೂರು ವಾರ ಕುಳಿತು ನೇಯ್ದದ್ದು. ಅದನ್ನೇ ಹೇಳಿದೆ.

"ಬಣ್ಣ ನನ್ನದ ಐತ್ರಿ. ಚೌಕಡಿ ನನ್ನದಲ್ಲ. ನಾ ನೇಯ್ದ ಚೌಕ ಹಿಂಗ ಅಡ್ಡ ಹಾಸಿದಂಗ ಇರತೈತೇನು? ಬೆನ್ನ ಮ್ಯಾಲ ನೋಡ್ರಿ, ಅಲ್ಲೆ ಬಿಗಿಯಾಗಿ ನಿಂತೈತಿ. ಅಡ್ಡ ಎಷ್ಟೈತಿ, ಉದ್ದ ಎಷ್ಟೈತಿ?"

"ಈಗ ಅದನ್ನ ಕಟ್ಟಿಕೊಂಡ ಏನ ಮಾಡೂದೈತ್ರಿ? ಮುಖಾ ನೋಡ್ರಿ, ಮುಖಾ!"

"ಮುಖಾನೂ ಹಂಗ ಆಗೇತಿ ಮತ್ತ. ನಿಮ್ಮ ಯಂತ್ರ ಜಗ್ಗಿ ತೋರಸಾಕತ್ತೈತಿ. ಚೌಕ ಚೌಕ ಆಗೂತನಕ ಒಳಗ ಸರಸ್ರಿ. ಅವಾಗ ಆಕಿ ಮಾರಿ ಸರಿ ಬರತೈತಿ. ಅಡ್ಡಕ್ಕೂ ಉದ್ದಕ್ಕೂ ಒಂದ ಕಡ್ಡೀಲೆ ಅಳದು ನೇಯ್ದೇನಿ ನಾ."

ಬರೆಯಲು ನಾಚಿಕೆಯಾಗುವಂಥ ಮಾತು ಆಡಿದೆ. ನಿಮಗೆ ಮಗಳಿಗಿಂತ ಸೀರೆ ಹೆಚ್ಚು ಅಂದೆ. ಮುದುಕ ನನ್ನನ್ನೇ ನೋಡಿದ. ಚಹಾ ಕುಡಿಯದೆ, ಅಂಜನಾಳ ತಲೆ ಸವರಿ, ಹೋದ.

೧೩ ಜುಲೈ, ಸೋಮವಾರ

ರಜೆ ಹಾಕಿದೆ. ಮುದುಕನ ಸೊಕ್ಕು ಮುರಿಯಬೇಕೆಂದೇ ಅಳೆಯಲು ಕುಳಿತೆ.

ಅವಳು ಬಾಗಿದಾಗ ಬೆನ್ನ ಮೇಲೆ ಸೀರೆ ಬಿಗಿಯಾಗಿ ಹರಡುತ್ತದೆ. ಅಲ್ಲಿ ನಿಲ್ಲಿಸಿದೆ. ನಾಲ್ಕು ಚೌಕ ನೆಟ್ಟಗೆ ಕಾಣುತ್ತವೆ. ಗಾಜಿಗೆ ಡಿವೈಡರ್ ಹಿಡಿದೆ. ಅಡ್ಡ ನಾಲ್ಕಿದ್ದರೆ ಉದ್ದ ಮೂರು. ಮುದುಕ ಹೇಳಿದ್ದು ನಿಜ, ಚೌಕ ಹಾಸಿಕೊಂಡಿದೆ. ಹದಿನಾರು-ಒಂಬತ್ತು ತೆಗೆದು ಬೇರೆ ಬೇರೆ ಒತ್ತಿ ನೋಡಿದೆ. ಒಂದರಲ್ಲೂ ಸರಿ ಬರಲಿಲ್ಲ. ಕೊನೆಗೆ ಮೊದಲಿದ್ದ ಹಾಗೆಯೇ, ಸಿ.ಡಿ. ತಾನಾಗಿ ಹೇಗೆ ಓಡುತ್ತದೋ ಹಾಗೆ ಬಿಟ್ಟು ಅಳೆದೆ.

ಅಡ್ಡ ಹತ್ತೊಂಬತ್ತು ಮಿಲಿಮೀಟರ್. ಉದ್ದ ಹತ್ತೊಂಬತ್ತು ಮಿಲಿಮೀಟರ್.

ಮೂರು ಸಲ ಅಳೆದೆ. ಮಾನಿಟರಿನ ವೃತ್ತ ಮತ್ತೆ ಬಿಡಿಸಿ ಅಳೆದೆ. ಅದೂ ಸರಿ ಇದೆ.

ಆಮೇಲೆ ಬೇರೆಯವರ ಕಡೆ ನೋಡಿದೆ. ಮೊದಲ ಸಲ ನೋಡಿದೆ. ಪರಮಾನಂದ ಪರಮಾನಂದನಂತೆಯೇ ಇದ್ದಾನೆ. ಹಿಂದೆ ನಿಂತು ಗುದ್ದುತ್ತಿರುವ ನನ್ನ ಅತ್ತೆ, ಮನೀಷಾಳ ತಾಯಿ ತಾರವ್ವನದು ಅದೇ ಗುಂಡು ಮುಖ. ತೊಟ್ಟಿಲು ತೊಟ್ಟಿಲಿನಂತಿದೆ. ಇಡೀ ಚಿತ್ರದಲ್ಲಿ ಸಪೂರ ಇರುವವಳು ಒಬ್ಬಳೇ.

ಸಿ.ಡಿ.ಯಲ್ಲಿ ತಪ್ಪಿರಲಿಲ್ಲ. ಸೊರಗಿದ್ದವಳು ಮನೀಷಾ. ಕಳೆದ ವರ್ಷ ಫೆಬ್ರುವರಿಯಲ್ಲೇ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೆ ಒಂದು ವರ್ಷ ಮೊದಲೇ. ಅವಳು ನಗುತ್ತಲೂ ಇಲ್ಲ. ಅಗಲ ಮಾಡಿದ ಮುಖದಲ್ಲಿ ನಗು ಅಂತ ನನಗೆ ಕಂಡದ್ದು ಹಲ್ಲು ಕಚ್ಚಿಕೊಂಡದ್ದು. ಎಡಗೈಯಿಂದ ತೊಟ್ಟಿಲ ಹಗ್ಗವನ್ನು ತಾನು ಬೀಳದ ಹಾಗೆ ಹಿಡಿದಿದ್ದಾಳೆ. ತುಟಿ ನೋಡಿದರೆ "ಸಾಕು" ಅನ್ನುತ್ತಿರುವಂತಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಯಾವಾಗಿನಿಂದ ಸೊರಗಿದ್ದಾರೆ ಅಂತ. "ಎರಡ ತಿಂಗಳಾತ್ರಿ" ಅಂತ ಫಟ್ಟನೆ ನಾನೇ ಹೇಳಿದೆ. ಮನೀಷಾ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಒಳಗೆ ಬೆಳೆದ ಗಂಟು ವರ್ಷಕ್ಕೂ ಹಳೆಯದು, ಆಗಲೇ ಬಂದಿದ್ದರೆ ಅಂತ ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ಒಂದು ವರ್ಷ ದಿನಾ ಎದುರಿಗೆ ಕುಳಿತು ಬಡಿಸಿದ ಮುಖ. ಉಪ್ಪು ಕಡಿಮೆ ಅಂದಿದ್ದೇನೆ, ರೊಟ್ಟಿ ದಪ್ಪ ಅಂದಿದ್ದೇನೆ. ತಲೆ ಎತ್ತಿ ನೋಡಿಲ್ಲ. ಊರ ಹೊಲಗಳ ಗೇಣು ಗೇಣು ಅಳೆದ ಸೂಳೆಮಗ, ಹೆಂಡತಿಯ ಮುಖ ಅರ್ಧ ಭಾಗ ಕರಗಿದ್ದು ನೋಡಲಿಲ್ಲ.

೧೪ ಜುಲೈ

ಏನು ಬರೆಯಲಿ.

೧೯ ಜುಲೈ, ಭಾನುವಾರ

ಮುದುಕ ಬರಲಿಲ್ಲ. ಕಂಪ್ಯೂಟರಿನ ಮೇಲೆ ಮನೀಷಾ ಹೊಲಿದಿದ್ದ ಕವರು ಹಾಕಿ ಮುಚ್ಚಿದ್ದೇನೆ. ಆರು ದಿನವಾಯಿತು. ಕೆಲವು ಸಲ ನಾನೂ ಹೋಗಿಬಿಟ್ಟರೆ ಹೇಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಬರೆದಿದ್ದೇನೆ, ಅಷ್ಟೇ.

೨೧ ಜುಲೈ, ಮಂಗಳವಾರ

ಸಾಲಿ ಬಿಟ್ಟ ಮೇಲೆ ಅಂಜನಾಳನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಇಪ್ಪತ್ತೆರಡು ಕಿಲೋ. ಇಳಿಸಿ ಮತ್ತೊಮ್ಮೆ ನಿಲ್ಲಿಸಿದೆ. ಅದೇ ಬಂತು. "ಯಾಕಪ್ಪಾ?" ಅಂದಳು. ಸುಮ್ಮನೆ ಅಂದೆ. ವಾಪಸ್ ಬರುವಾಗ ಬಾಳೆಹಣ್ಣು ತಗೊಂಡೆವು. ಎರಡು ತಿಂದಳು. ಹಲ್ಲೊಂದು ಅಲ್ಲಾಡುತ್ತಿದೆಯಂತೆ, ಒಂದೇ ಕಡೆಯಿಂದ ಅಗಿಯುತ್ತಾಳೆ.

೨೬ ಜುಲೈ, ಭಾನುವಾರ, ನಾಗಪಂಚಮಿ

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನಮ್ಮ ಮನೆಗೆ ತವರೇ ಬಂತು. ಗುರಪ್ಪನವರು ಮತ್ತು ಅತ್ತೆ, ಡಬ್ಬಿಯ ತುಂಬ ಶೇಂಗಾದ ಉಂಡಿ, ಎಳ್ಳಿನ ಉಂಡಿ. ಮಗಳಿಗೆ ಅಂತ ಕಟ್ಟಿ ರೂಢಿಯಾದ ಕೈ, ಲೆಕ್ಕ ತಪ್ಪಿ ಹೆಚ್ಚು ಕಟ್ಟಿಬಿಟ್ಟೆ ಅಂದರು ಅತ್ತೆ. ಅಂಜನಾ ಡಬ್ಬಿ ಹಿಡಿದುಕೊಂಡು ಪಕ್ಕದ ಮನೆಯ ಜೋಕಾಲಿಗೆ ಓಡಿದಳು.

ಹೇಳಬಾರದು ಅಂದುಕೊಂಡಿದ್ದೆ. ಗುರಪ್ಪನವರು ಚಹಾದ ಬಟ್ಟಲು ಹಿಡಿದು "ಚೌಕ ಸರಿ ಬಂತೇನ್ರಿ?" ಅಂತ ಮೆಲ್ಲಗೆ ಕೇಳಿದರು. ಹದಿನೈದು ದಿನದ ಹಿಂದೆ ನಾನು ಆಡಿದ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ಅದಕ್ಕೇ ಇರಬೇಕು, ತಡೆಯಲಾಗಲಿಲ್ಲ.

"ಬಂತ್ರಿ. ನೀವ್ ಹೇಳಿದ್ದ ಖರೆ. ಚೌಕ ಸರಿ ಮಾಡಿದ್ರ ಆಕಿ ಮುಖ ಸೊರಗತೈತಿ. ಯಂತ್ರದ್ದೂ ತಪ್ಪಿಲ್ಲ, ಸಿ.ಡಿ.ದೂ ತಪ್ಪಿಲ್ಲ. ತೊಟ್ಟಲ ಕಾರ್ಯದಾಗನ ಆಕಿಗೆ ಬ್ಯಾನಿ ಇತ್ರಿ. ಒಂದ ವರ್ಷ ನಾ ನೋಡಲಿಲ್ಲ. ನಾ ಕೊಂದೇನ್ರಿ ಆಕಿನ್ನ."

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಬಲಗೈಯನ್ನು ಬಿಚ್ಚಿ ತಮ್ಮ ಅಂಗೈಯನ್ನೇ ನೋಡುತ್ತ ಹೇಳಿದರು:

"ನೀವಲ್ರೀ, ನಾ. ಅವತ್ತ ಬೆನ್ನಿಗಿ ಗುದ್ದಿದ್ದು ನಾನ. ಕೈಗಿ ಎಲಬ ಹತ್ತಿದವು. ಕೆಲಸದಾಗ ಸ್ವಲ್ಪ ಸೊರಗ್ಯಾಳ ಅಂದ್ಕೊಂಡು ಮತ್ತೊಂದ ಗುದ್ದಿದ್ನಿ. ಹಡದಾಕಿ ಕೈಗೆ ತಿಳೀಲಿಲ್ಲ. ದಿನಾ ಈ ಕೈಲೆ ರೊಟ್ಟಿ ಬಡೀತೇನಿ, ತಿನ್ನಾಕ ಆಗವಲ್ದು."

ಹೊರಗೆ ಜೋಕಾಲಿಯ ಮೇಲಿನ ಮಕ್ಕಳು ಚೀರುತ್ತಿದ್ದರು. ಗುರಪ್ಪನವರು ಬಟ್ಟಲು ಕೆಳಗಿಟ್ಟರು.

"ಇಬ್ಬ್ರೂ ಸುಮ್ಮನಿರ್ರಿ" ಅಂದರು. "ಆ ಸೀರಿ ತಪ್ಪಿತ್ತು."

ನಾನು ತಲೆ ಎತ್ತಿದೆ.

"ಅವಾಗ ನನ್ನ ಕಣ್ಣಿಗಿ ಪೊರಿ ಬಂದಿತ್ತು. ಯಾರಿಗೂ ಹೇಳಿದ್ದಿಲ್ಲ. ದಾರ ಒತ್ತೂ ಹಣಗಿ ಬಡತಾ ಸಡಿಲ ಬಿತ್ತು, ಚೌಕ ಅಡ್ಡಕ್ಕ ಹಿಗ್ಗಿದವು. ಮಗಳ ಉಡೂದು, ಯಾರ ನೋಡತಾರ ಅಂತ ಹಂಗ ಕೊಟ್ಟೆ. ಸೀರಿನ ಅಡ್ಡ ಇದ್ದಮ್ಯಾಗ ಪರದೇದಾಗ ಚೌಕ ಕಂಡ್ರ ಅದು ಸುಳ್ಳ ಆಗ್ತೈತಿ. ಅಗಲ ಮಾಡಿ ನೋಡಿದ್ದ ಮುಖಾನ ಖರೆ. ಆಕಿ ಅವತ್ತ ಛಲೋ ಇದ್ಲು."

"ನಿಮ್ಮ ಕೈಯಾಗ ತಪ್ಪ ಬರಂಗಿಲ್ಲ ಅಂತಿದ್ರಿ?"

"ಬಂತು. ಒಮ್ಮೆ ಬಂತು" ಅಂದರು. ಅತ್ತೆ ಅವರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

ಹೋಗುವಾಗ ಅಂಜನಾಳನ್ನು ಒಂದು ವಾರಕ್ಕೆ ಕಳಿಸಿದೆ. ಅವಳ ಚೀಲ ನಾನೇ ತುಂಬಿದೆ. ಎರಡು ಜಡೆ ಹಾಕಿದೆ, ಒಂದು ಮೇಲೆ ಒಂದು ಕೆಳಗೆ ಆಯಿತು. ಇರಲಿ ಬಿಡಪ್ಪಾ ಅಂದಳು.

೨೭ ಜುಲೈ, ಸೋಮವಾರ

ಇವತ್ತು ಮನೀಷಾಳ ಟ್ರಂಕ್ ತೆಗೆದೆ. ಅವಳು ಹೋದ ಮೇಲೆ ಇದೇ ಮೊದಲು. ಹಸಿರು ಸೀರೆ ಮೇಲೆಯೇ ಇತ್ತು. ಮಂಚದ ಮೇಲೆ ಹಾಸಿ, ಕಿಟಕಿ ತೆಗೆದು, ಆಫೀಸಿನ ಡಿವೈಡರ್ ಮತ್ತು ಉಕ್ಕಿನ ಪಟ್ಟಿಯಿಂದ ಅಳೆದೆ. ಸೆರಗಿನ ಹತ್ತಿರ, ನಡುವೆ, ಒಳತುದಿಯಲ್ಲಿ. ಒಂದು ಚೌಕ, ಐದು ಚೌಕ, ಹತ್ತು ಚೌಕ ಒಟ್ಟಿಗೆ. ಅಡ್ಡ ಎಷ್ಟೋ ಉದ್ದ ಅಷ್ಟೇ. ನಾನು ಎಳೆದ ಗೆರೆಗಳೂ ಇಷ್ಟು ಸರಿ ಇರುವುದಿಲ್ಲ.

ಇಷ್ಟಾದರೂ ಸಂಜೆ ಕವರು ತೆಗೆದು ಹದಿನಾರು-ಒಂಬತ್ತು ಒತ್ತಿ ನೋಡಿದೆ. ಒಂದು ಸಲವಾದರೂ ಮೋಸ ಹೋಗೋಣ ಅಂತ. ಆಗಲಿಲ್ಲ. ಆ ತುಂಬಿದ ಮುಖ ಯಾರದೋ. ಸರಿ ಮಾಡಿದೆ. ಸೊರಗಿದವಳು ತಿರುಗಿ ನನ್ನ ಕಡೆ ನೋಡಿದಳು. ಈ ಸಲ ನಾನು ಕಣ್ಣು ತೆಗೆಯಲಿಲ್ಲ. ಕ್ಷಮಿಸು ಅಂದೆ. ಕರೆಂಟ್ ಹೋಗುವವರೆಗೆ ನೋಡಿದೆ.

೨ ಆಗಸ್ಟ್, ಭಾನುವಾರ

ಅಂಜನಾಳನ್ನು ಕರೆತರಲು ರಬಕವಿಗೆ ಹೋಗಿದ್ದೆ. ಮಾವ ಮಗ್ಗದ ಮೇಲಿದ್ದರು. ಓಣಿಯ ನೇಕಾರ ಚನಮಲ್ಲಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ. ಅತ್ತೆ ನೀರು ತಂದುಕೊಟ್ಟು ಹೋಗಲಿಲ್ಲ, ಅಲ್ಲೇ ನಿಂತರು. ಅವರು ಮೈಯಲ್ಲಿ ಅರ್ಧವಾಗಿದ್ದಾರೆ. ಈಗ ನನಗೆ ಇಂಥವೆಲ್ಲ ಕಣ್ಣಿಗೆ ಬೀಳುತ್ತವೆ.

"ಸೀರಿ ಮನ್ಯಾಗ ಐತೇನ್ರಿ? ನೋಡಿದ್ರೇನು?" ಅಂತ ಕೇಳಿದರು.

ಮಗ್ಗ ನಿಂತಿತು. ಮಾವ ನನ್ನ ಕಡೆ ನೋಡಲಿಲ್ಲ, ದಾರದ ಕಡೆಯೇ ನೋಡುತ್ತಿದ್ದರು.

"ನೋಡಿದೆನ್ರಿ ಅತ್ತಿ. ಪಟ್ಟಿ ಹಚ್ಚಿ ಅಳದೇನಿ. ಮಾವಾರ ಹೇಳಿದ್ದ ಖರೆ. ಚೌಕ ಅಡ್ಡಕ್ಕ ಹಿಗ್ಗ್ಯಾವು. ಆಕಿ ಅವತ್ತ ಛಲೋನ ಇದ್ಲು. ನಿಮ್ಮ ಕೈಗೆ ಹತ್ತಿದ್ದು ಬರೀ ನಿಮ್ಮ ಭ್ರಮೆ."

ಅತ್ತೆ ಕಂಬ ಹಿಡಿದು ಕುಳಿತು ಸದ್ದು ಮಾಡದೆ ಅತ್ತರು. ಚನಮಲ್ಲಪ್ಪನಿಗೆ ನಮ್ಮ ಮಾತಿನ ಒಳಗಿನದು ಏನು ಗೊತ್ತು? ಬಾಯೊಳಗಿನ ಎಲೆ ಉಗುಳಿ ಬಂದು, "ಏನಂದ್ರಿ? ಗುರಪ್ಪಣ್ಣನ ಚೌಕಡಿ ತಪ್ಪಿತ್ತ? ಲೇ ಗುರಪ್ಪಣ್ಣಾ, ಖರೇ ಏನೋ ಇದು?" ಅಂತ ಓಣಿಗೆಲ್ಲ ಕೇಳುವಂತೆ ನಕ್ಕ.

"ಖರೆ" ಅಂದರು ಮಾವ. "ನನ್ನ ಕೈ ತಪ್ಪಿತ್ತು." ಮತ್ತೆ ಮಗ್ಗ ಶುರುವಾಯಿತು. ಸಂಜೆಯೊಳಗೆ ಬನಹಟ್ಟಿಯವರೆಗೂ ಸುದ್ದಿ ಹೋಗಿರುತ್ತದೆ.

ಮಧ್ಯಾಹ್ನ ಅತ್ತೆ ನಮ್ಮ ಜೊತೆ ಕುಳಿತು ಒಂದೂವರೆ ರೊಟ್ಟಿ ಉಂಡರು. ಅಂಜನಾ ಅವರ ತಟ್ಟೆಗೆ ತನ್ನ ಬೆಣ್ಣೆ ಹಾಕಿದಳು.

ಬಸ್ ಸ್ಟ್ಯಾಂಡಿನವರೆಗೆ ಮಾವ ಬಂದರು. ಅಂಜನಾ ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ಹಿಡಿದುಕೊಂಡು ಮುಂದೆ ಮುಂದೆ ನಡೆಯುತ್ತಿದ್ದಳು. ಅವಳು ದೂರ ಹೋದ ಮೇಲೆ ಮಾವ ನಿಂತರು.

"ಖರೆ ಎಷ್ಟ ಬಂತ್ರಿ?"

ಇಲ್ಲಿಯೂ ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಐವತ್ತು ವರ್ಷ ನೇಯ್ದ ಮನುಷ್ಯ ಅಳತೆ ಕೇಳುತ್ತಿದ್ದಾರೆ.

"ಅಡ್ಡ ಉದ್ದ ಎರಡೂ ಒಂದ ಐತ್ರಿ ಮಾವಾರ. ಮೂರು ಕಡೆ ಅಳದೆ. ಕೂದಲೆಳೆಯಷ್ಟೂ ಫರಕ್ ಇಲ್ಲ."

ಅವರ ಮುಖ ಅರಳಿತು. ತಾವು ಮಾಡಿದ ಕೆಲಸ ಸರಿ ಇದೆ ಅಂತ ಕೇಳಿ, ಅವರಿಗೇ ಗೊತ್ತಿಲ್ಲದಂತೆ ಅರಳಿತು. ಎದೆ ಸ್ವಲ್ಪ ಮುಂದೆ ಬಂತು. ಆಮೇಲೆ, ನನ್ನ ಕಣ್ಣೆದುರಿಗೇ, ಆ ಮಾತಿನ ಉಳಿದ ಅರ್ಧ ಅವರಿಗೆ ತಟ್ಟಿತು. ನಮಗೆ ಹೇಳಿದ ಸುಳ್ಳನ್ನು ತಾವೂ ಅರ್ಧ ನಂಬಿದ್ದರೇನೋ. ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು.

"ಹಂಗಾರ ಆಕಿ ಅವತ್ತನ ಸೊರಗಿದ್ಲು..." ಅಂದರು.

"ಹೌದ್ರಿ."

ನಾನೂ ಅವರ ಪಕ್ಕದಲ್ಲಿ ಕುಳಿತೆ. ನಾವು ಹತ್ತಬೇಕಿದ್ದ ಜಮಖಂಡಿಯ ಬಸ್ಸು ಬಂದು ನಿಂತು ಹೋಯಿತು. ಅಂಜನಾ ತಿರುಗಿ ಬಂದು ನಮ್ಮಿಬ್ಬರನ್ನೂ ನೋಡಿದಳು. ಇಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತಳು.